ಸೊಸೆಯ ಕಾವಲಿಗೆ

“ಅತ್ತಿಯವ್ರು ಒಂದೀಟು ಹೊರಗ ಕುಂದರ್ರಿ. ನಾ ಸೊಸಿ ಒಬ್ಬಾಕಿ ಕೂಡನಽ ಮಾತಾಡಬೇಕು,” ಎಂದು ಭಾರತಿ ಹೇಳಿದಾಗ ಬಸವಣ್ಣೆಮ್ಮ ಏನೋ ಹೇಳಲು ಬಾಯಿ ತೆರೆದರು. ಭಾರತಿ ಬಾಗಿಲ ಕಡೆ ಕೈ ತೋರಿಸಿದರು. ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದು ಹೋಗಿ ಕಟ್ಟೆಯ ಮೇಲೆ ಗಂಡನ ಪಕ್ಕ ಕೂತರು. ಬಾಗಿಲು ಮುಚ್ಚಿತು. ಒಳಗೆ ಉಳಿದ ಶಿವಗಂಗಾಳಿಗೆ, ನೊಂದ ಹೆಂಗಸರಿಗಾಗಿ ಇರುವ ಲಿಂಗಸುಗೂರಿನ ಸಾಂತ್ವನ ಕೇಂದ್ರದ ಈ ಹೆಣ್ಣುಮಗಳು ಮಸ್ಕಿಯ ತಮ್ಮ ಮನೆಗೆ ಜೀಪು ಹತ್ತಿ ಯಾಕೆ ಬಂದಿದ್ದಾರೆಂಬುದೇ ತಿಳಿದಿರಲಿಲ್ಲ.

“ಸಹಾಯವಾಣಿಗೆ ಫೋನ್ ಮಾಡಿದ್ರಲ್ಲ, ಈಗ ಹೇಳ್ರಿ. ಅಂಜಬ್ಯಾಡ್ರಿ.”

“ನಾ ಮಾಡಿಲ್ರೀ.”

“ಎಲ್ಲಾರೂ ಮೊದಲು ಹಿಂಗಽ ಅಂತಾರ. ಫೋನ್ ಈ ಮನಿದಽ. ‘ನಮ್ಮ ಮನಿಯವ್ರು ಹೊಡಿತಾರ, ರವಿಕಿ ಮುಚ್ಚೂ ಜಾಗ ನೋಡಿ ಹೊಡಿತಾರ, ಯಾರಿಗಿ ತೋರಸಲಿ’ ಅಂತ ಹೇಳಿ ಇಟ್ಟುಬಿಟ್ಟೀರಿ. ಹೆಸರು ಕೇಳೂದ್ರಾಗ ಕಟ್ ಆಗೇತಿ. ಸರ್ಕಾರ ನಮ್ಮನ್ನ ಇಟ್ಟಿರೂದಽ ಇದಕ್ಕ, ನಿಮ್ಮಂಥವರು ಕರದ್ರ ಬರ್ಲಿ ಅಂತ. ಬಂದೀವಿ. ಹೇಳ್ರಿ.”

ಶಿವಗಂಗಾಳಿಗೆ ನಗು ಬರುವಂತಾಯಿತು. ಗಂಡ ವೀರೇಂದ್ರ ಹೊಡೆಯುವುದಿರಲಿ, ಗೋಡೆಯ ಹಲ್ಲಿ ಓಡಿಸಲೂ ಹೆಂಡತಿಯನ್ನೇ ಕೂಗುವವನು. ಅಡುಗೆಮನೆಯ ಕಿಟಕಿಯಲ್ಲಿ ಇರುವ ಫೋನನ್ನು ಅವಳೂ ಅತ್ತೆಯೂ ಬಳಸುತ್ತಾರೆ, ಬೇರೆ ಯಾರೂ ಮುಟ್ಟುವುದಿಲ್ಲ. ಅವಳು ಮಾಡಿಲ್ಲ. ಅಂದಮೇಲೆ?

ನಗು ಅಲ್ಲಿಗೇ ನಿಂತಿತು. ಮದುವೆಯಾಗಿ ಬಂದ ಮೊದಲ ದೀಪಾವಳಿಯಲ್ಲಿ, ಹಿರಿಯರಿಗೆ ಎಣ್ಣೆ-ನೀರು ಹಾಕುವುದು ಸೊಸೆಯ ಕೆಲಸವೆಂದು ಅವಳು ಬಚ್ಚಲ ಬಾಗಿಲು ತಟ್ಟಿದ್ದಳು. ಒಳಗಿನಿಂದ ಅತ್ತೆ, “ನನ್ನ ಬೆನ್ನು ನಾನಽ ತಿಕ್ಕೊಂತೀನಿ. ನೀ ಒಲಿ ನೋಡು, ಹೋಗು,” ಎಂದು ಗದರಿದ್ದರು. ಚಿಲಕ ತೆಗೆದಿರಲಿಲ್ಲ. ಆಮೇಲೆ ಯಾವ ಹಬ್ಬಕ್ಕೂ ತೆಗೆಯಲಿಲ್ಲ. ‘ನಮ್ಮತ್ತಿಗಿ ನನ್ನ ಕೈ ತಾಕಿದ್ರ ಆಗೂದಿಲ್ಲ’ ಎಂದು ಅವಳು ಸಿಂಧನೂರಿನ ತವರಿಗೆ ಹೋದಾಗಲೆಲ್ಲ ತಾಯಿಯೆದುರು ಅತ್ತಿದ್ದಳು.

ಹೇಳಿಬಿಡಲೇ? ಹೇಳಿದರೆ ಭಾರತಿ ನೇರ ಕಟ್ಟೆಗೆ ಹೋಗಿ ಎಲ್ಲರೆದುರು ಕೇಳಿದರೆ? ಅತ್ತೆಯೇ ಹೇಳದೆ ಎದ್ದುಹೋದ ಮಾತನ್ನು ತಾನು ಹೇಳಬಹುದೇ? ಅಷ್ಟಕ್ಕೂ ಇದು ನಿಜವೇ?

“ಇಲ್ಲಂದ್ರ ಇಲ್ಲಂತ ಬರಕೊಂಡು ಹೋಗ್ತೀನ್ರಿ,” ಎಂದರು ಭಾರತಿ. “ಆದ್ರ ನಾ ಹೋದಮ್ಯಾಲ ಈ ಮನ್ಯಾಗ ಇರಾಕಿ ನಾನಲ್ಲ.”

ಆಗ ಕಿಟಕಿಯಾಚೆಯಿಂದ ಮಾವ ಅಮರಗುಂಡಪ್ಪನವರ ದನಿ ಕೇಳಿಸಿತು. ಬಜಾರಿನ ಅಂಗಡಿಯಲ್ಲಿ ಕೂತು ಊರ ಗಂಡ-ಹೆಂಡಿರ ಜಗಳ ಬಿಡಿಸುವಾಗಿನ ಅದೇ ತಣ್ಣನೆಯ ದನಿ. “ಫೋನ್ ಯಾರು ಮಾಡ್ಯಾರ? ಆಕಿ ಮಾಡ್ಯಾಳೋ, ನೀ ಮಾಡೀಯೋ?”

ಶಿವಗಂಗಾ ಕಿಟಕಿಯ ಕಡೆ ತಿರುಗಿದಳು.

“ನಾನಽ ಮಾಡಿದ್ದು,” ಎಂದಳು ಶಿವಗಂಗಾ, ಕಟ್ಟೆಗೂ ಕೇಳುವಷ್ಟು ಜೋರಾಗಿ. ಹೇಳಿದ ಮೇಲೆಯೇ ತಾನು ಹೇಳಿದ್ದೇನೆಂದು ಅವಳಿಗೆ ತಿಳಿಯಿತು. “ಇಲ್ಲಿ ಏನೂ ಹೇಳಾಕ ಆಗೂದಿಲ್ರೀ. ನಿಮ್ಮ ಕೂಡ ಬರ್ತೀನಿ.”

ಬಾಗಿಲು ತೆರೆದಾಗ ಅಂಗಡಿಯಿಂದ ಓಡಿಬಂದ ವೀರೇಂದ್ರ ಎದುರಿಗೇ ನಿಂತಿದ್ದ. “ಗಂಗಾ, ನಾ ಏನು ಮಾಡೀನಿ?” ಅವಳು ಅವನ ಮುಖ ನೋಡದೆ ಚಪ್ಪಲಿ ಹುಡುಕಿದಳು.

ಅಮರಗುಂಡಪ್ಪ ಎದ್ದು ನಿಂತರು. “ಸೊಸಿ ಒಬ್ಬಾಕಿನ್ನ ಮಂದಿ ಗಾಡ್ಯಾಗ ಕಳಸೂ ಮನೆತನ ಅಲ್ರೀ ನಮ್ಮದು.” ತವರಿಗೆ ಹೋಗುವಾಗಲೂ ಜೊತೆಗೆ ಅತ್ತೆ ಇರಲೇಬೇಕಾದ ಮನೆ ಅದು, ಅತ್ತೆಯನ್ನೂ ಜೊತೆಗೆ ಕರೆದೊಯ್ಯಲು ಶಿವಗಂಗಾ ನೆಚ್ಚಿಕೊಂಡಿದ್ದು ಅದೊಂದನ್ನೇ. ಮಾವ ಹೆಂಡತಿಯ ಕಡೆ ತಿರುಗಿದರು. “ನೀ ಹೋಗು ಆಕಿ ಕೂಡ. ಏನೇನು ಮಾತಾಡ್ತಾಳ, ಎಲ್ಲಾ ಕೇಳಿಸ್ಕೊಂಡು ಬಾ.”

“ಅತ್ತಿ ಬ್ಯಾಡ್ರಿ. ಅವರು ಕೂಡ ಇದ್ರ ಈಕಿ ಬಾಯಿ ಬಿಡೂದಿಲ್ಲ,” ಎಂದರು ಭಾರತಿ.

“ಅತ್ತಿ ಬರಲಿಲ್ಲಂದ್ರ ನಾನೂ ಬರೂದಿಲ್ರೀ,” ಎಂದಳು ಶಿವಗಂಗಾ.

ಭಾರತಿ ಸೊಸೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಹೊಡೆತ ತಿನ್ನುವ ಸೊಸೆ ಅತ್ತೆಯನ್ನು ಬಿಟ್ಟು ಬರಲಾರೆ ಎನ್ನುವುದು ಅವರ ಅನುಭವಕ್ಕೆ ಎಲ್ಲೂ ಹೊಂದುತ್ತಿರಲಿಲ್ಲ. ಆದರೂ ಜೀಪಿನ ಬಾಗಿಲು ತೆಗೆದರು.

ಜೀಪು ಮಸ್ಕಿಯ ಗುಡ್ಡ ಹಿಂದೆ ಬಿಟ್ಟು ಲಿಂಗಸುಗೂರಿನ ರಸ್ತೆ ಹಿಡಿಯಿತು. ಅತ್ತೆ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಶಿವಗಂಗಾ ಕಾದಳು. ಬಸವಣ್ಣೆಮ್ಮ ಗಾಜಿನಾಚೆ ಭತ್ತದ ಗದ್ದೆಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಸೊಸೆಯ ಕೈ ಹಿಡಿದೆಳೆದು, ಬಳೆಗಳನ್ನು ಮೊಣಕೈಯವರೆಗೆ ಸರಿಸಿ, ತೋಳನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಭುಜದ ಸೆರಗು ಜಾರಿಸಿ, ರವಿಕೆಯ ಅಂಚನ್ನು ಬೆರಳಿನಿಂದ ಎತ್ತಿ ಬೆನ್ನಿನೊಳಗೆ ಇಣುಕಿದರು.

“ನಮ್ಮ ವೀರೂನೂ ಅವರಪ್ಪನಂಗಽ ಆದನೇನವ್ವ?”

ಮುಂದಿನ ಸೀಟಿನಲ್ಲಿ ಏನೋ ಬರೆಯುತ್ತಿದ್ದ ಭಾರತಿಯ ಕೈ ನಿಂತಿತು. ಅವರು ನಿಧಾನವಾಗಿ ಹಿಂದಕ್ಕೆ ತಿರುಗಿ, ಮೊದಲ ಸಲವೆಂಬಂತೆ, ಅತ್ತೆಯ ಮುಖ ನೋಡಿದರು.