ಉಸಿರಿನ ಜಾಗ

"ಇದೂ ಬ್ಯಾಡ, ಕನಕರಾಜ್," ಎನ್ನುತ್ತ ನಾಟಕ ಕಂಪನಿಯ ಮಾಲೀಕ ಪಕ್ಕೀರಪ್ಪ ತನ್ನ ಮೊಬೈಲನ್ನು ಮುಂದೆ ಹಿಡಿದ. ಅದರಲ್ಲಿ ಯಾವುದೋ ಸಿನಿಮಾ ಹಾಡು ಬರುತ್ತಿತ್ತು. "ಸುಮ್ನ ಈ ಧಾಟಿ ಹಾಕಿಬಿಡು. ಜನಕ್ಕ ಗೊತ್ತಿರೋದೇ ಬೇಕು."

ಮರಿಯಮ್ಮನಹಳ್ಳಿಯ ಆ ತಾಲೀಮು ಕೋಣೆಯಲ್ಲಿ ಒಂದೇ ಹಾಡಿಗೆ ಕನಕರಾಜ್ ಕಟ್ಟಿದ ನಾಲ್ಕನೆಯ ಧಾಟಿಯೂ ಹೀಗೆ ಬೇಡವಾಗಿತ್ತು. ಹದಿನೆಂಟು ವರ್ಷದಿಂದ ನಾಟಕದ ಹಾಡುಗಳಿಗೆ ಸ್ವಂತ ಧಾಟಿ ಕಟ್ಟುವುದನ್ನೇ ಕಸುಬು ಮಾಡಿಕೊಂಡಿದ್ದವನಿಗೆ ಈ ಸಲ ವಾದಿಸುವ ಶಕ್ತಿಯೂ ಉಳಿದಿರಲಿಲ್ಲ. ಸಂಡೂರಿನ ಗಣಿಯೊಂದರಲ್ಲಿ ಅವನಿಗೆ ಗೇಟ್ ಕಾಯುವ ಕೆಲಸ ಸಿಕ್ಕಿತ್ತು; ಈ ಕಸುಬು ಬಿಟ್ಟು ಸೋಮವಾರ ಅಲ್ಲಿ ಸೇರಬೇಕಿತ್ತು. "ಹಂಗೇ ಮಾಡ್ರಿ," ಎಂದು ಹಾರ್ಮೋನಿಯಂ ಮುಚ್ಚತೊಡಗಿದ.

"ಮುಚ್ಚಬ್ಯಾಡಪ್ಪ," ಎಂದಳು ಗೋಡೆಗೆ ಒರಗಿ ಕುಳಿತಿದ್ದ ತಾಯಕ್ಕ. ಆ ಹಾಡು ಹಾಡಬೇಕಾದವಳು ಅವಳೇ, ಅರವತ್ತು ದಾಟಿದ ನಟಿ. "ಪಕ್ಕೀರಪ್ಪ, ಆ ಸಿನಿಮಾ ಹಾಡಿನ್ಯಾಗ ನನಗ ಉಸಿರು ತಗೊಳ್ಳಾಕ ಜಾಗಾನೇ ಇಲ್ಲ. ಈತ ನನ್ನ ದಮ್ಮು ಎಲ್ಲಿ ಸಾಲಂಗಿಲ್ಲ ಅಂತ ನೋಡಿ, ಅಲ್ಲೇ ಸಾಲು ನಿಲ್ಲಿಸ್ಯಾನ. ನಾಕು ಧಾಟಿಯಾಗೂ ಹಂಗೇ ಮಾಡ್ಯಾನ. ಹಾಡಿದ್ರ ಈತಂದೇ ಹಾಡ್ತೀನಿ, ಇಲ್ಲಂದ್ರ ಬ್ಯಾರೇರನ್ನ ನೋಡ್ಕೋ."

ಹಾಡುವವರ ಉಸಿರು ನೋಡಿ ಸಾಲು ನಿಲ್ಲಿಸುವುದನ್ನು ಕನಕರಾಜ್ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಗಮನಿಸಿಯೂ ಇರಲಿಲ್ಲ. ಪಕ್ಕೀರಪ್ಪ ಇಬ್ಬರ ಮುಖವನ್ನೂ ನೋಡಿ, ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಆತು, ಇದೇ ಇರ್ಲಿ."

ಕನಕರಾಜ್ ಹಾರ್ಮೋನಿಯಂ ಮತ್ತೆ ತೆರೆದ. ಆಮೇಲೆ ದಣಿದ ದನಿಯಲ್ಲೇ ಕೇಳಿದ: "ಯಕ್ಕಾ, ಕಡೀ ಸಾಲಿನ್ಯಾಗ ಉಸಿರಿಗ ಇನ್ನೊಂದೀಟು ಜಾಗ ಬಿಡಬೇಕೇನು?"