ಮೂಕ ಹಲ್ಲಿ

ಹಲ್ಲಿಗಳು ನಿಜಕ್ಕೆ ಮಾತ್ರ ಲೊಚಗುಟ್ಟುತ್ತವೆ ಎಂಬುದು ಖಾತ್ರಿಯಾದ ಮೇಲೆ ಹಾಸನದಲ್ಲಿ ಹಲ್ಲಿ ಸಾಕದ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಶ್ರೀಕಂಠ ತನ್ನ ಮನೆಯ ಹಲ್ಲಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು, ಹೆಂಡತಿ ಸುಮಿತ್ರೆ ಮತ್ತು ತಾಯಿ ಕಮಲಾಕ್ಷಮ್ಮನ ಜೊತೆ ಹಲ್ಲಿ ಮಾರುವ ಬಶೀರ್ ಸಾಬರ ಅಂಗಡಿಗೆ ಬಂದಿದ್ದ. ಪಕ್ಕದ ಮನೆಯ ಹಲ್ಲಿ ದಿನವಿಡೀ ಲೊಚಗುಟ್ಟಿ ಇವರ ಮಾನ ಕಳೆಯುತ್ತಿತ್ತು.

“ಬೇರೆ ಕೊಡಿ ಸಾಬ್ರೇ, ಇದು ಮೂಕ,” ಎಂದಳು ಸುಮಿತ್ರೆ. “ಇವರು ಹಾಸಿಗೇಲಿ ಮಲಗಿಕೊಂಡೇ ಆಫೀಸಿಗೆ ಫೋನ್ ಮಾಡಿ ‘ದಾರೀಲಿದ್ದೀನಿ ಸಾರ್’ ಅನ್ಲಿ, ನಾನು ‘ನಂಗೇನೂ ಕೋಪ ಇಲ್ಲ’ ಅನ್ಲಿ, ಅತ್ತೆ ನೆಂಟರ ಮುಂದೆ ‘ಸೊಸೆಯಲ್ಲ, ನನ್ನ ಮಗಳು’ ಅನ್ಲಿ, ಇದು ತುಟಿ ಪಿಟಕ್ ಅನ್ನಲ್ಲ.”

ಡಬ್ಬಿಯೊಳಗಿಂದ ಲೊಚ್ ಲೊಚ್ ಎಂದು ಕೇಳಿಸಿತು.

ಮೂವರೂ ರೂಢಿಯಂತೆ ಮೇಜಿನ ಮೇಲೆ ಬೆರಳು ಕುಟ್ಟಿ “ಕೃಷ್ಣ ಕೃಷ್ಣ” ಎಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಇದಕ್ಕೇನೂ ಆಗಿಲ್ಲಮ್ಮ,” ಎಂದರು ಸಾಬರು. ಹಲ್ಲಿ ಅದಕ್ಕೂ ಲೊಚಗುಟ್ಟಿತು. “ಇನ್ನೂ ಚುರುಕಾದ್ದು ಬೇಕಂದ್ರೆ ಹೊಸ ತಳಿ ಬಂದಿದೆ. ಸುಳ್ಳು ಹೇಳಿದ್ರೆ ಸದ್ದು ಮಾಡುತ್ತೆ.”

“ಬೇಡ,” ಎಂದರು ಮೂವರೂ ಒಟ್ಟಿಗೆ.

ಶ್ರೀಕಂಠ ಮೂಲೆಯ ತೊಟ್ಟಿಯತ್ತ ಕೈ ತೋರಿಸಿದ. “ಅದೇನು?”

“ಆಮೆ. ಯಾರು ಏನಂದ್ರೂ ತಲೆ ಒಳಗೆಳಕೊಂಡು ಕೂತ್ಕೊಳುತ್ತೆ, ಅಷ್ಟೇ.”

“ಅದನ್ನೇ ಕೊಡಿ,” ಎಂದರು ಕಮಲಾಕ್ಷಮ್ಮ. “ನಮ್ಮನೆಗೆ ಅದೇ ಸರಿ.”

ಡಬ್ಬಿಯಲ್ಲಿದ್ದ ಹಲ್ಲಿ ಗಟ್ಟಿಯಾಗಿ ಲೊಚಗುಟ್ಟಿತು.