ಇಪ್ಪತ್ನಾಲ್ಕು ಚೀಟಿ

ದೇವಮಾತೆಯ ಪ್ರತಿಮೆಯ ಬೆಲೆ ಆಯಾಳ ಹದಿನಾಲ್ಕು ತಿಂಗಳ ಸಂಬಳ. ಅಂಥದ್ದೇ ಇನ್ನೊಂದನ್ನು ತರಿಸಲು ಸಾಗಣೆಗೆಂದು ಮೇಲೆ ಎರಡು ತಿಂಗಳದ್ದು. ಆಯಾಳನ್ನು ಕೆಲಸದಿಂದ ತೆಗೆಯಲು ಮಾತ್ರ ಏನೂ ಖರ್ಚಾಗಲಿಲ್ಲ. ಹೆಡ್ ಸಿಸ್ಟರ್ ಬಾಯಿಂದ ಬಂದ ಒಂದು ಮಾತು ಸಾಕಾಯಿತು.

ಶಾಲೆಯ ಪ್ರಾರ್ಥನಾಲಯದಲ್ಲಿ ಪ್ರತಿಮೆ ಚೂರಾಗಿ ಬಿದ್ದಿತ್ತು. ಆಯಾ ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಅಷ್ಟೇ ಸಾಕ್ಷಿ. ತಾನಲ್ಲ ಎಂದು ಅವಳು ಮೂರು ಸಲ ಹೇಳಿದಳು. ಹೆಡ್ ಸಿಸ್ಟರ್ ಕಿವಿಗೆ ಹಾಕಿಕೊಳ್ಳಲಿಲ್ಲ. ವಯಸ್ಸಾದ ಫಾದರ್ ಏನೂ ಹೇಳಲಿಲ್ಲ. ಮೂರನೆಯ ತರಗತಿಗೆ ಧರ್ಮೋಪದೇಶ ಕಲಿಸುವ ಟೀಚರ್ ಏನೋ ಹೇಳಹೊರಟು, ಮಾತನ್ನು ಗಂಟಲಲ್ಲೇ ನುಂಗಿಕೊಂಡರು. ಅದು ಅವರಿಗೆ ಮುಳ್ಳಿನಂತೆ ಅಲ್ಲೇ ಉಳಿಯಿತು.

ಹತ್ತು ದಿನದ ಮೇಲೆ ಪಾಪನಿವೇದನೆಯ ಅಭ್ಯಾಸ ನಡೆಯಿತು. ಮುಂದಿನ ಶನಿವಾರ ಇಪ್ಪತ್ನಾಲ್ಕು ಮಕ್ಕಳು ಮೊದಲ ಸಲ ಫಾದರ್ ಮುಂದೆ ಮಂಡಿಯೂರಿ ತಮ್ಮ ಪಾಪ ಹೇಳಿಕೊಳ್ಳಬೇಕಿತ್ತು. ಭಯ ಬಿಡಿಸಲು ಟೀಚರ್ ಪ್ರತಿವರ್ಷ ಒಂದು ಉಪಾಯ ಮಾಡುತ್ತಿದ್ದರು. ಪ್ರಾರ್ಥನಾಲಯದ ಮೂಲೆಗೆ ದಪ್ಪ ಪರದೆ ಕಟ್ಟಿ ಹಿಂದೆ ತಾವೇ ಕೂರುವುದು. ಮಕ್ಕಳು ಒಬ್ಬೊಬ್ಬರಾಗಿ ಬಂದು, ಯಾವುದಾದರೂ ಕಟ್ಟುಕಥೆಯ ಪಾಪವನ್ನು ಪಿಸುಗುಟ್ಟಿ, ಪಶ್ಚಾತ್ತಾಪದ ಪ್ರಾರ್ಥನೆ ಒಪ್ಪಿಸಬೇಕು. ಟೀಚರ್ ಪರದೆಯ ಕೆಳಗಿಂದ ಪ್ರಾಯಶ್ಚಿತ್ತದ ಚೀಟಿ ತಳ್ಳಬೇಕು. ಇಪ್ಪತ್ನಾಲ್ಕು ಚೀಟಿ, ಎರಡು ಸಲ ಎಣಿಸಿಟ್ಟದ್ದು. ಎಲ್ಲದರಲ್ಲೂ ದೇವಮಾತೆಯ ಜಪ ಎಷ್ಟು ಸಲ ಹೇಳಬೇಕೆಂಬ ಒಂದೇ ಬರಹ: ‘ಮೂರು ನಮೋ ಮರಿಯಾ.’ ಏನೇ ಆದರೂ ಪರದೆ ಎತ್ತುವಂತಿಲ್ಲ. ಅದು ಅವರೇ ಕಲಿಸಿದ ನಿಯಮ.

ಅಂದು ಫಾದರ್ ಕೂಡ ಬಂದು ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತರು.

ಒಬ್ಬ ತಾನು ಮೂರು ಕೊಲೆ ಮಾಡಿದ್ದೇನೆಂದ, ನಾಲ್ಕನೆಯದು ನಾಳೆ ಎಂದೂ ಸೇರಿಸಿದ. ಇನ್ನೊಬ್ಬಳು ತನ್ನದೇನೂ ಇಲ್ಲವೆಂದು ಅಕ್ಕನ ಪಾಪಗಳನ್ನೆಲ್ಲ ಪಟ್ಟಿ ಮಾಡಿದಳು. ಟೀಚರ್ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು.

ಸಾಲು ಮುಗಿಯುತ್ತ ಬಂದಿತ್ತು. ಮಂಡಿಯೂರುವ ಹಲಗೆ ಎರಡು ಸಲ ಕಿರುಗುಟ್ಟಿತು.

“ಪ್ರತಿಮೆ ಬೀಳಿಸಿದ್ದು ನಾನು. ಅಪವಾದ ಇನ್ನೊಬ್ಬರ ಮೇಲೆ ಬಂತು. ನಾನು ಬಾಯಿ ಬಿಡಲಿಲ್ಲ.”

ಆಮೇಲೆ ಪ್ರಾರ್ಥನೆ. ಈಗಿನ ಪುಸ್ತಕದಲ್ಲಿ ಇರುವುದಲ್ಲ, ಹಿಂದಿನವರು ಹೇಳುತ್ತಿದ್ದದ್ದು, ಒಂದಕ್ಷರ ತಪ್ಪಿಲ್ಲದೆ. ಟೀಚರ್ ಪೆನ್ನು ತೆಗೆದರು. ಒಂದು ಚೀಟಿಯ ಬರಹವನ್ನು ಹೊಡೆದುಹಾಕಿ, ಕೆಳಗೆ ಬೇರೆ ಬರೆದು ತಳ್ಳಿದರು. ಅದರ ನಂತರ ಬಂದ ಪಿಸುಮಾತು ಏನು ಹೇಳಿತೋ, ತಾವೇನು ಕೊಟ್ಟರೋ ಅವರಿಗೆ ನೆನಪಿಲ್ಲ.

ಪಿಸುಮಾತಿಗೆ ಹುಡುಗ ಹುಡುಗಿ ಎಂಬುದಿಲ್ಲ. ಆದರೆ ಹಳೆಯ ಪ್ರಾರ್ಥನೆ ಬಲ್ಲ ಮಗು ತರಗತಿಯಲ್ಲಿ ಒಂದೇ. ಅಜ್ಜಿಯ ಮನೆಯಲ್ಲಿ ಬೆಳೆಯುವ ಹುಡುಗಿ. ಅಜ್ಜಿಯ ಹಾಗೇ ಮಾತಾಡುತ್ತಾಳೆಂದು ಎಲ್ಲರೂ ಅವಳನ್ನು ಕರೆಯುವುದೇ ಅಜ್ಜಮ್ಮ ಎಂದು. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವಳು.

ಮರುದಿನ ಟೀಚರ್ ಅವಳೊಬ್ಬಳನ್ನೇ ತರಗತಿಯಲ್ಲಿ ನಿಲ್ಲಿಸಿಕೊಂಡರು.

“ನಿನ್ನ ಚೀಟಿ ಎಲ್ಲಿ ಪುಟ್ಟಾ?”

“ನಂಗೆ ಸಿಗ್ಲಿಲ್ಲ ಟೀಚರ್. ಮುಗಿದುಹೋಗಿತ್ತು.”

“ಇಪ್ಪತ್ನಾಲ್ಕು ಮಕ್ಕಳು, ಇಪ್ಪತ್ನಾಲ್ಕು ಚೀಟಿ. ಅದು ಹೇಗೆ ಮುಗಿಯುತ್ತೆ?”

ಹುಡುಗಿ ಉಗುರು ಕಚ್ಚಿಕೊಂಡಳು. ಟೀಚರ್ ಮೆತ್ತಗೆ ಕೇಳಿದರು, ಬಿಗಿಯಾಗಿ ಕೇಳಿದರು, ಕೊನೆಗೆ ಆಯಾಳ ಮನೆಯಲ್ಲಿ ಒಲೆ ಹತ್ತಿ ಎಷ್ಟು ದಿನವಾಯಿತು ಗೊತ್ತಾ ಎಂದರು. ಅವಳು ಗೊತ್ತಿಲ್ಲ ಎಂದಳು. ಸುಳ್ಳಿ ಎಂಬ ಮಾತು ಟೀಚರ್ ಬಾಯಿಂದ ಜಾರಿತು. ಹುಡುಗಿ ಬಿಕ್ಕುತ್ತ ಬ್ಯಾಗು ತಬ್ಬಿಕೊಂಡು ಓಡಿದಳು.

ಸಂಜೆ ಟೀಚರ್ ಫಾದರ್ ಬಳಿ ಹೋದರು. ಕಟ್ಟಿದ್ದು ಅಭ್ಯಾಸದ ಪರದೆ, ತಾವೇನು ಪಾದ್ರಿಗಳಲ್ಲ, ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಿದರೆ ತಪ್ಪೇ ಎಂದು ವಿಚಾರಿಸಿದರು. ಫಾದರ್ ಕನ್ನಡಕ ಒರೆಸುತ್ತಲೇ ಇದ್ದರು.

“ಹೇಳಿದವರು ಪರದೇನ ನಂಬಿ ಹೇಳಿರ್ತಾರಲ್ಲಮ್ಮ.”

“ಆದ್ರೆ ಆಯಾ ಗತಿ ಏನು ಫಾದರ್? ಆ ಹುಡುಗಿ ಒಪ್ಕೊಳ್ತಾನೇ ಇಲ್ಲ. ಇವತ್ತು ಅಷ್ಟು ಗದರಿಸಿದೆ, ಅತ್ಲೇ ಹೊರತು ಬಾಯಿ ಬಿಡ್ಲಿಲ್ಲ.”

ಒರೆಸುವ ಕೈ ನಿಂತಿತು. “ಯಾವ ಹುಡುಗಿ?”

ಟೀಚರ್ ಹೇಳಿದರು. ಫಾದರ್ ಮೇಜು ಹಿಡಿದು ನಿಧಾನವಾಗಿ ಎದ್ದರು. “ತುಂಬಾ ಅತ್ತಳಾ?” ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. “ಆ ಮಗೂನ ಬಿಟ್ಟುಬಿಡಿ. ಶನಿವಾರದೊಳಗೆ ಎಲ್ಲ ಸರಿಹೋಗುತ್ತೆ.”

ಹಿರಿಯರ ಸಮಾಧಾನದ ಮಾತು ಎಂದುಕೊಂಡು ಟೀಚರ್ ಮನೆಗೆ ಹೋದರು.

ಶನಿವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಆಯಾ ಪೊರಕೆ ಹಿಡಿದು ನಿಂತಿದ್ದಳು. ಹೆಡ್ ಸಿಸ್ಟರೇ ಮನೆಗೆ ಬಂದು ಕರೆದರಂತೆ. ಟೀಚರ್ ಎದೆ ಹಗುರಾಯಿತು. ಕೊನೆಗೂ ಹುಡುಗಿ ಒಪ್ಪಿಕೊಂಡಳು ಎಂದುಕೊಂಡರು. ಆಯಾ ಸೊಂಟದ ಚೀಲದಿಂದ ಒಂದು ಕಾಗದ ತೆಗೆದು ಚಾಚಿದಳು.

“ನಂಗೆ ಓದೋಕೆ ಬರಲ್ಲ. ಇದ್ರಲ್ಲೇನು ಬರ್ದಿದೆ ನೋಡಿ ಟೀಚರ್.”

ಅವರದೇ ಅಕ್ಷರ. ‘ಮೂರು ನಮೋ ಮರಿಯಾ’ ಹೊಡೆದುಹಾಕಿತ್ತು. ಕೆಳಗೆ, ‘ಯಾರಿಗೆ ಅನ್ಯಾಯವಾಯಿತೋ ಅವರ ಬಳಿ ಹೋಗಿ ಕ್ಷಮೆ ಕೇಳು.’

“ಆ ಮಗು ಒಬ್ಳೇ ಬಂದಿದ್ಲಾ, ಅಜ್ಜಿ ಜೊತೆಗಾ?”

“ಯಾವ ಮಗು? ಬಂದಿದ್ದು ಫಾದರ್. ಅವತ್ತು ಕತ್ತಲಲ್ಲಿ ಮಂಡಿ ಕುಸಿದು ಪ್ರತಿಮೆ ಹಿಡ್ಕೊಂಡ್ರಂತೆ, ಅದು ಬಿದ್ದು ಒಡೀತಂತೆ. ಅದೇ ಮಂಡಿ ನಮ್ಮನೆ ನೆಲಕ್ಕೆ ಊರಿದ್ರು ನೋಡಿ. ಏಳಿಸೋಕೆ ಇಬ್ರು ಬೇಕಾಯ್ತು.”

ಆಯಾಗೆ ಕೆಲಸ ಸಿಕ್ಕಿತು, ಫಾದರ್‌ಗೆ ನಿದ್ದೆ ಸಿಕ್ಕಿತು. ಅಜ್ಜಮ್ಮ ಮಾತ್ರ ಆ ವರ್ಷವಿಡೀ ತರಗತಿಯಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ.